ತಮ್ಮನಿಗೆ ಕೊಡದ ಹದಿನಾಲ್ಕನೇ ರೂಮು

ಹದಿನಾಲ್ಕನೇ ರೂಮು ಖಾಲಿ ಇತ್ತು. ನಾಲ್ಕು ದಿನವೂ ಖಾಲಿ ಇತ್ತು. ಅದರ ಬೀಗದ ಕೈ ನನ್ನ ಬೆನ್ನ ಹಿಂದಿನ ಮೊಳೆಯಲ್ಲೇ ನೇತಾಡುತ್ತಿತ್ತು. ಆದರೂ ಒಡಹುಟ್ಟಿದ ತಮ್ಮನಿಗೆ ನಾನು ಅದನ್ನು ಕೊಡಲಿಲ್ಲ. ರೂಮಿಲ್ಲ, ಅಡ್ಜಸ್ಟ್ ಮಾಡಿಕೋ ಅಂದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಇಟ್ಟುಕೊಂಡರೆ ಅಷ್ಟರೊಳಗೆ ನನ್ನ ಪರವಾಗಿ ಏನೇನೋ ಹೇಳಿಕೊಂಡು ಒಳ್ಳೆಯವನಾಗಿಬಿಡುತ್ತೇನೇನೋ ಎಂಬ ಭಯ ನನಗಿದೆ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಆಮೇಲೆ ಕೆ.ಆರ್. ಪೇಟೆಗೆ ಬಂದು, ಬಸ್‌ ಸ್ಟ್ಯಾಂಡಿನ ಎದುರಿಗಿರುವ ಒಂದು ಲಾಡ್ಜಿಗೆ ಸೇರಿದೆ. ಮೊದಲು ಬಿಸಿನೀರಿನ ಬಕೆಟ್ಟು ಹೊತ್ತೆ, ದುಪ್ಪಟಿ ಒಗೆದೆ, ಈಗ ಕೌಂಟರಿನಲ್ಲಿ ಕೂರುತ್ತೇನೆ. ಮಾಲೀಕರು ವಾರಕ್ಕೊಮ್ಮೆ ಬರುತ್ತಾರೆ. ಉಳಿದ ದಿನ ಯಾರಿಗೆ ಯಾವ ರೂಮು ಅನ್ನುವುದು ನನ್ನ ಮಾತೇ. ಯಾವ ರೂಮಿನ ಫ್ಯಾನು ಕಿರುಗುಟ್ಟುತ್ತದೆ, ಯಾವ ಗೋಡೆಯಲ್ಲಿ ನೀರಿನ ಪೈಪು ಗುಡುಗುಡು ಅನ್ನುತ್ತದೆ, ಯಾವ ಕಿಟಕಿಯಿಂದ ಜನರೇಟರಿನ ಹೊಗೆ ಬರುತ್ತದೆ, ಎಲ್ಲವೂ ನನಗೆ ಗೊತ್ತು. ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಇದು.

ಲಾಡ್ಜಿನವರು ಒಬ್ಬೊಬ್ಬರಿಗೂ ಒಂದೊಂದು ವ್ಯವಸ್ಥೆ ಮಾಡಲು ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೆಳಗಿನಿಂದ ಸಂಜೆಯವರೆಗೂ ನಾವು ಮಾಡುವುದು ಅದನ್ನೇ. ಉತ್ತರಕ್ಕೆ ತಲೆ ಹಾಕಿ ಮಲಗಲ್ಲ ಅಂದವರಿಗೆ ಮಂಚ ತಿರುಗಿಸಿ ಕೊಟ್ಟಿದ್ದೇನೆ. ಎಂಟನೇ ನಂಬರು ಆಗಿಬರಲ್ಲ ಅಂದವರಿಗೆ ಒಂಬತ್ತು ಕೊಟ್ಟಿದ್ದೇನೆ. ಹೊಸಹೊಳಲಿನ ದೇವಸ್ಥಾನ ನೋಡಲು ಬಂದ ಒಂದು ಸಂಸಾರ, ಬೇರೆಯವರು ಮುಟ್ಟಿದ ಚೊಂಬು ಬೇಡ ಅಂದಾಗ ಪಾತ್ರೆ ಅಂಗಡಿಗೆ ಓಡಿ ಹೊಸದು ತಂದಿದ್ದೇನೆ. ಹೊಸದಾಗಿ ಮದುವೆಯಾದವರಿಗೆ ಮಂಚದ ಮೇಲೆ ಹೂವು ಚೆಲ್ಲಿದ್ದೇನೆ. ಸಾಲ ವಸೂಲಿಗೆ ಬಂದಿದ್ದ ಬ್ಯಾಂಕಿನ ಸಾಹೇಬರೊಬ್ಬರು ಹುಂಜ ಕೂಗಿ ನಿದ್ದೆ ಹಾಳಾಯಿತು ಅಂದದ್ದಕ್ಕೆ, ಹಿಂದಿನ ಮನೆಯ ಅಜ್ಜಿಯ ಕೈಕಾಲು ಹಿಡಿದು ಕೋಳಿಗೂಡನ್ನೇ ಆಚೆ ಬೀದಿಗೆ ಸಾಗಿಸಿದ್ದೇನೆ. ಅವರಲ್ಲಿ ಯಾರಿಗೂ ನಾನು 'ಅಡ್ಜಸ್ಟ್ ಮಾಡ್ಕೊಳಿ' ಅಂದವನಲ್ಲ. ಒಂದು ಟ್ಯೂಬ್‌ಲೈಟು ಬೇಡ, ಒಂದು ಮೂಲೆಯ ರೂಮು ಬೇಕು ಎಂದು ಕೇಳಿದ ನನ್ನ ತಮ್ಮನಿಗೆ ಮಾತ್ರ ಆ ಮಾತು ಹೇಳಿದೆ.

ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು. ನಾಗಮಂಗಲ ತಾಲ್ಲೂಕಿನ ದೇವಲಾಪುರದ ಪಕ್ಕದ ನಮ್ಮೂರಿನಲ್ಲಿ ಅವ್ವನ ಜೊತೆ ಇದ್ದಾನೆ. ಚಿಕ್ಕಂದಿನಲ್ಲಿ ಕುಕ್ಕರ್ ಕೂಗಿದರೆ ಹಿತ್ತಲಿಗೆ ಓಡುತ್ತಿದ್ದ. ತಮಟೆ ಸದ್ದು ಕೇಳಿದರೆ ಕಣಜದ ಹಿಂದೆ ಕೂರುತ್ತಿದ್ದ. ಮುದ್ದೆಯನ್ನು ಸಾರಿಗೆ ತಾಗಿಸದೆ ಬೇರೆ ತಟ್ಟೆಯಲ್ಲೇ ಕೊಡಬೇಕು. ಮಾತಾಡಿಸಿದರೆ ನಮ್ಮ ಮುಖ ನೋಡುವುದಿಲ್ಲ, ಅಂಗಿಯ ಗುಂಡಿ ನೋಡುತ್ತಾನೆ. ಊರಿನವರು 'ಮಂಕ' ಅಂದರು, ಮೇಷ್ಟರು ಹೊಡೆದರು. ನಾನೂ ಹೊಡೆದಿದ್ದೇನೆ. ಆ ಮಂಕನೇ ಯಾರೂ ಹೇಳಿಕೊಡದೆ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಜೋಡಿಸಿದ. ಐ.ಟಿ.ಐ. ಮುಗಿಸಿ ಮೈಸೂರಿನ ಒಂದು ಕಂಪನಿಗೆ ಸೇರಿದ.

ಅವನ ಕೆಲಸ ಹಳ್ಳಿ ಡೈರಿಗಳಲ್ಲಿ ಹಾಲಿನ ಫ್ಯಾಟು ನೋಡುವ ಮಿಷನ್ನನ್ನು ರಿಪೇರಿ ಮಾಡುವುದು. ಆ ಕೆಲಸಕ್ಕೆ ಒಂದು ಕಟ್ಟು ಇದೆ. ಡೈರಿಗೆ ಜನ ಹಾಲು ಹಾಕುವುದು ಬೆಳಗ್ಗೆ ಆರಕ್ಕೆ, ಮತ್ತೆ ಸಂಜೆ. ಮಿಷನ್ನು ಸರಿಯಾಗಿ ಓದುತ್ತಿದೆಯೋ ಇಲ್ಲವೋ ಎಂಬುದು ಹಸಿ ಹಾಲು ಬಂದಾಗಲೇ ಗೊತ್ತಾಗಬೇಕು. ಹಾಗಾಗಿ ಮೈಸೂರಿನಿಂದ ಹೊರಟು ಬಂದರೆ ಆಗುವುದಿಲ್ಲ, ತಾಲ್ಲೂಕಿನಲ್ಲೇ ತಂಗಿ ಬೆಳಗ್ಗೆ ಐದಕ್ಕೆ ಜೀಪು ಹತ್ತಬೇಕು. ಶ್ರೀರಂಗಪಟ್ಟಣದಲ್ಲಿ ನಾಲ್ಕು ದಿನ, ಪಾಂಡವಪುರದಲ್ಲಿ ನಾಲ್ಕು ದಿನ, ನಮ್ಮ ಪೇಟೆಯಲ್ಲಿ ನಾಲ್ಕು, ನಾಗಮಂಗಲದಲ್ಲಿ ನಾಲ್ಕು. ಮೂರು ಜನ ಮೆಕ್ಯಾನಿಕ್ಕುಗಳಿಗೆ ಒಂದು ರೂಮು. ಇದು ಕಂಪನಿಯ ಪದ್ಧತಿ. ದಿನವಿಡೀ ಜೊತೆಯಲ್ಲಿ ದುಡಿದವರು ಮತ್ತೆ ಒಂದೇ ರೂಮಿನಲ್ಲಿ ಒಬ್ಬರ ಗೊರಕೆ ಒಬ್ಬರು ಕೇಳುತ್ತಾ ಬಿದ್ದಿರಬೇಕು ಎಂದು ತೀರ್ಮಾನ ಮಾಡಿದವನು ಯಾರೋ ನನಗೆ ಗೊತ್ತಿಲ್ಲ. ಆ ತೀರ್ಮಾನ ಮಾಡಿದವನು ಮಾತ್ರ ಎಲ್ಲಿ ಹೋದರೂ ಒಬ್ಬನೇ ಮಲಗುತ್ತಾನೆ ಎಂದು ಪಣ ಕಟ್ಟಿ ಹೇಳಬಲ್ಲೆ.

ಶ್ರೀರಂಗಪಟ್ಟಣದಲ್ಲಿ ನನ್ನ ತಮ್ಮನಿಗೆ ತೊಂದರೆ ಇರಲಿಲ್ಲ. ಅಲ್ಲಿ ಒಬ್ಬ ವಿಧವೆ ತಾಯಿ ತಮ್ಮ ಮನೆಯ ಹಿಂದಿನ ಎರಡು ಕೋಣೆಗಳನ್ನು ಕಂಪನಿಗೆ ಕೊಟ್ಟಿದ್ದರು. ಚಿಕ್ಕದರಲ್ಲಿ ಇವನೊಬ್ಬನೇ ಮಲಗುತ್ತಿದ್ದ. ಪಾಂಡವಪುರದ ಲಾಡ್ಜು ಸ್ಟೇಷನ್ನಿನ ಕಡೆ ಇತ್ತು. ರೈಲಿನ ಸದ್ದಿಗೆ ನಿನಗೆ ಕಷ್ಟವಾಗಲ್ಲವಾ ಎಂದು ಒಮ್ಮೆ ಕೇಳಿದ್ದೆ.

"ಇಲ್ಲ ಕಣಣ್ಣ. ರೈಲು ಏಳಿ ಬತ್ತದೆ. ಇಷ್ಟೊತ್ತಿಗೆ ಬತ್ತೀನಿ ಅಂದ್ರೆ ಇಷ್ಟೊತ್ತಿಗೆ. ನಾನು ರೆಡಿಯಾಗಿರ್ತೀನಿ. ಏಳ್ದೆ ಬರೋ ಸದ್ದು ಐತಲ್ಲ, ಅದು ನನ್ ತಲೆ ಒಳ್ಗೇ ಬಿದ್ದಂಗಾಯ್ತದೆ."

ಈ ಮಾತನ್ನು ಅವನು ತನ್ನ ಮೇಲಿನವರಿಗೂ ಹೇಳಿದ್ದ. ಮೈಸೂರಿನಲ್ಲಿ ಕೂರುವ ಒಬ್ಬ ಇಂಜಿನಿಯರ್ ಮೇಡಂ ಅವನ ಗುಂಪಿಗೆ ಮುಖ್ಯಸ್ಥೆ. ಅವರೇ ಅವನನ್ನು ಒಬ್ಬ ಡಾಕ್ಟರ ಹತ್ತಿರ ಕಳಿಸಿದರು. ಮನೆಯ ಹಿರಿಯ ಎಂದು ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ಎರಡು ದಿನ ಏನೇನೋ ಕೇಳಿ, ಇದಕ್ಕೆ ಆಟಿಸಂ ಅನ್ನುತ್ತಾರೆ, ಕಾಯಿಲೆಯಲ್ಲ, ಇವರು ಹುಟ್ಟಿರುವ ರೀತಿಯೇ ಇದು, ಸದ್ದು ಬೆಳಕು ನಮಗಿಂತ ಜಾಸ್ತಿ ತಟ್ಟುತ್ತದೆ, ಅಷ್ಟು ನೋಡಿಕೊಂಡರೆ ಕೆಲಸದಲ್ಲಿ ಯಾರಿಗೂ ಕಡಿಮೆಯಿಲ್ಲ ಅಂದರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ನಾನು ಅವನ ಕಿವಿಯಲ್ಲಿ ಹೇಳಿದೆ.

"ಲೇ, ಈ ಮಾತು ಯಾರ್ ತಾವೂ ಬಾಯ್ ಬುಡ್ಬೇಡ. ಮದ್ವೆ ಒಂದು ಆಗ್ಲಿ."

"ಮೇಡಂಗೆ ಆಗ್ಲೇ ಏಳ್ಬುಟ್ಟೆ."

"ಯಾವಾಗ್ಲಾ?"

"ನೀನು ಕಳ್ಳೇಕಾಯಿ ತರಕ್ಕೋಗಿದ್ದಲ್ಲ, ಅವಾಗ ಫೋನಲ್ಲಿ. ನನ್ ತಲೆ ವೈರಿಂಗೇ ಬೇರೆ ಥರ ಅಂತೆ, ಸುಟ್ಟೋಗಿಲ್ವಂತೆ ಅಂದೆ. ಮೇಡಂ ನಕ್ರು."

ಅವನಿಗೆ ಆ ಮಾತಿನಿಂದ ಹಗುರವಾಗಿತ್ತು. ಇಷ್ಟು ವರ್ಷ ಮಂಕ ಅನ್ನಿಸಿಕೊಂಡವನಿಗೆ ತಾನು ಮಂಕನಲ್ಲ ಎಂದು ಓದಿದವರೊಬ್ಬರು ಹೇಳಿದ್ದರು. ನಾಚಿಕೆಯಾಗಿದ್ದು ನನಗೆ.

ಮದುವೆ ಮಾತು ಸುಮ್ಮನೆ ಆಡಿದ್ದಲ್ಲ. ನಮ್ಮ ಲಾಡ್ಜಿನ ಕೆಳಗೆ ಒಂದು ಗೊಬ್ಬರದ ಅಂಗಡಿ ಇದೆ. ಅಂಗಡಿಯ ಗೌಡರು ದಿನಾ ಹನ್ನೊಂದಕ್ಕೆ ಮೇಲೆ ಬಂದು, ನನ್ನ ಕೌಂಟರಿನ ಪಕ್ಕದ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಾರೆ. ಅವರ ಅಕ್ಕನ ಮಗಳನ್ನು ನನ್ನ ತಮ್ಮನಿಗೆ ಕೇಳಿದ್ದೆವು. ಜಾತಕ ಕೂಡಿತ್ತು, ಫೋಟೋ ಹೋಗಿತ್ತು, ಹೆಣ್ಣು ನೋಡುವುದೊಂದು ಬಾಕಿ. ಅಂಥ ಸಂಬಂಧ ನಮಗೆ ಮತ್ತೆ ಸಿಗಲ್ಲ ಎಂದು ಅವ್ವ ಹರಕೆ ಹೊತ್ತಿದ್ದಳು. ಹುಡುಗ ಹೇಗೆ ಎಂದು ಗೌಡರು ಕೇಳಿದಾಗಲೆಲ್ಲ, ಮೈಸೂರಿನ ಕಂಪನೀಲಿ ನೌಕರಿ, ಮಾತು ಕಮ್ಮಿ, ಕೆಲಸ ಜಾಸ್ತಿ ಎಂದಷ್ಟೇ ಅನ್ನುತ್ತಿದ್ದೆ. ಸುಳ್ಳಂತೂ ಅಲ್ಲವಲ್ಲ ಎಂದುಕೊಳ್ಳುತ್ತಿದ್ದೆ.

ಕಬ್ಬು ಅರೆಯುವ ಕಾಲ. ಡಬಲ್ ಟ್ರೇಲರಿನ ಟ್ರಾಕ್ಟರುಗಳು ಸ್ಪೀಕರ್ ಬಾಕ್ಸಿನಲ್ಲಿ ಹಾಡು ಹಾಕಿಕೊಂಡು ನಮ್ಮ ಲಾಡ್ಜಿನ ಮುಂದೆಯೇ ಹೋಗುತ್ತವೆ. ಅಂಥ ಒಂದು ದಿನ ಹನ್ನೊಂದು ಗಂಟೆಗೆ ಗೌಡರು ಲೋಟ ಹಿಡಿದು ಕೂತಿದ್ದಾಗ ಫೋನು ಬಂತು. ಮಾತಾಡಿದ್ದು ಆ ಇಂಜಿನಿಯರ್ ಮೇಡಂ. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಡಾಕ್ಟರ ಹತ್ತಿರ ಹೋದಾಗ ಅವರು ಬಂದಿರಲಿಲ್ಲ.

"ನೋಡಿ, ಇದೇ ಮೊದಲ ಸಲ ನಿಮ್ಮ ಲಾಡ್ಜು ತಗೊಳ್ತಾ ಇದೀವಿ," ಅಂದರು. "ನಮ್ಮವರಲ್ಲಿ ಒಬ್ಬರಿಗೆ ಗಲಾಟೆ, ಟ್ಯೂಬ್‌ಲೈಟು ಆಗಿಬರಲ್ಲ. ಹಿಂದುಗಡೆ ಒಂದು ಸಿಂಗಲ್ ರೂಮು ಬೇಕು. ಸಾದಾ ಬಲ್ಬು ಹಾಕಿದ್ರೆ ಸಾಕು. ರೂಮಿನ ಫೋಟೋ ಮುಂಚೆನೇ ಕಳಿಸಿದ್ರೆ ಇನ್ನೂ ಒಳ್ಳೇದು. ಎಲ್ಲಿಗೆ ಹೋಗ್ತಾ ಇದೀನಿ ಅಂತ ಮೊದಲೇ ನೋಡಿದ್ರೆ ಅವರಿಗೆ ಸಮಾಧಾನ. ಆಗುತ್ತಾ?"

ಆಗುತ್ತಿತ್ತು. ಹದಿನಾಲ್ಕನೇ ರೂಮು ಇರುವುದೇ ಹಾಗೆ. ಹಿಂದಿನ ಸಾಲಿನ ಕೊನೆಯದು, ಕಿಟಕಿಯಾಚೆ ಒಂದು ಬಾವಿ, ಬೇವಿನ ಮರ. ಬಲ್ಬು ಬದಲಾಯಿಸಲು ಒಂದು ಸ್ಟೂಲು ಸಾಕು.

"ಏನಂತಪ್ಪ?" ಎಂದು ಗೌಡರು ಹುಬ್ಬು ಹಾರಿಸಿದರು.

ನಾನು ಫೋನನ್ನು ಸ್ವಲ್ಪ ದೂರ ಹಿಡಿದು, ಗೌಡರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ: "ನಮ್ಮಲ್ಲಿ ಎಲ್ಲಾ ರೂಮೂ ಒಂದೇ ಥರ ಮೇಡಂ. ಅಂಥೋರಿಗೆಲ್ಲಾ ಬೇರೆ ಮಾಡಾಕಾಗಲ್ಲ."

ಅಂಥೋರು. ನನ್ನ ಬಾಯಲ್ಲಿ ಬಂದ ಮಾತು ಅದು. ಆ ಕಡೆ ಮೇಡಂ, ಬೇರೆ ಲಾಡ್ಜು ನೋಡಲು ಈಗ ಸಮಯವಿಲ್ಲ, ಸರಿ, ಮೂರು ಮಂಚದ್ದೇ ಕೊಡಿ ಎಂದು ಫೋನಿಟ್ಟರು. ಗೌಡರು ಟೀ ಹೀರಿ, "ಈಗಿನ್ ಕಾಲ್ದ ಕೂಲಿಯೋರ್ಗೂ ಸಾವ್ರ ರೂಲ್ಸು" ಎಂದು ನಕ್ಕರು. ನಾನೂ ನಕ್ಕೆ.

ತಮ್ಮನ ಗುಂಪು ಬಂದದ್ದು ಅದೇ ದಿನ ಸಂಜೆ. ಅವನ ಜೊತೆ ಇಬ್ಬರು. ಒಬ್ಬ ಹಿರಿಯ ಮೆಕ್ಯಾನಿಕ್ಕು, ಇನ್ನೊಬ್ಬ ಜೀಪು ಓಡಿಸುತ್ತಾ ಕೆಲಸವನ್ನೂ ಮಾಡುವವನು. ಅವರಿಗೆ ಮೂರನೇ ರೂಮು ಕೊಟ್ಟೆ. ಅದು ಬಸ್‌ ಸ್ಟ್ಯಾಂಡಿನ ನೆತ್ತಿಯ ಮೇಲೆ ಇದೆ. ಕೆಳಗೆ ಕಂಡಕ್ಟರುಗಳು ಚನ್ನರಾಯಪಟ್ಟಣ, ಮೈಸೂರು ಎಂದು ಕೂಗುವುದು ರೂಮಿನ ಒಳಗೇ ಕೂಗಿದಂತೆ ಕೇಳುತ್ತದೆ. ಟ್ಯೂಬ್‌ಲೈಟು ಹಳೆಯದು, ಪಟಪಟ ಮಿನುಗುತ್ತದೆ. ತಮ್ಮ ಬಾಗಿಲಲ್ಲೇ ನಿಂತು ಅದನ್ನು ನೋಡಿದ. ಆಮೇಲೆ ಕೌಂಟರಿಗೆ ಬಂದು ನನ್ನ ಅಂಗಿಯ ಗುಂಡಿ ನೋಡುತ್ತಾ ಕೇಳಿದ.

"ಅಣ್ಣ, ಮೇಡಂ ಫೋನ್ ಮಾಡಿದ್ರಂತಲ್ಲ?"

"ಮಾಡಿದ್ರು ಕಣ್ಲಾ. ರೂಮಿಲ್ಲ. ನಾಕು ದಿನ ತಾನೇ, ಅಡ್ಜಸ್ಟ್ ಮಾಡ್ಕೊ."

"ರೂಮಿಲ್ವಾ?"

"ಇಲ್ಲ ಅಂದ್ನಲ್ಲ."

"ಸರಿ."

ಇಷ್ಟೇ. ಬೇರೆ ಯಾರಾದರೂ ಆಗಿದ್ದರೆ ನನ್ನ ಬೆನ್ನ ಹಿಂದೆ ನೇತಾಡುವ ಬೀಗದ ಕೈಗಳನ್ನು ಎಣಿಸುತ್ತಿದ್ದರು. ಅವನು ಎಣಿಸಲಿಲ್ಲ. ಅಣ್ಣ ಇಲ್ಲ ಅಂದ ಮೇಲೆ ಇಲ್ಲ.

ಮನೆಗೆ ಕರೆದುಕೊಂಡು ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮದು ಹೊಸಹೊಳಲು ರಸ್ತೆಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ, ಗೋಡೆಗೆ ಅಂಟಿಕೊಂಡೇ ಹಿಟ್ಟಿನ ಮಿಲ್ಲು. ಅದು ನಿಜ. ಆದರೆ ಆ ನಿಜವನ್ನು ಅಡ್ಡ ಹಿಡಿದುಕೊಳ್ಳುವ ಹಕ್ಕು, ಹದಿನಾಲ್ಕನೇ ರೂಮಿಗೆ ಬೀಗ ಹಾಕಿಕೊಂಡು ಕೂತಿದ್ದವನಿಗೆ ಇಲ್ಲ.

ಎರಡನೇ ದಿನ ಬೆಳಗ್ಗೆ ನಾಲ್ಕೂವರೆಗೆ ನಾನು ಕೆಲಸಕ್ಕೆ ಬಂದಾಗ ಅವನು ಮೆಟ್ಟಿಲ ಮೇಲೆ ತಲೆಗೆ ಟವಲು ಸುತ್ತಿಕೊಂಡು ಕೂತಿದ್ದ. ಮಲಗಿದ್ದೆಯೇನೋ ಅಂದರೆ, ಇಲ್ಲ ಅಂದ. ಹೋಗಿ ಮುಖ ತೊಳೆದುಕೋ ಅಂದೆ. ಮೂರನೇ ದಿನವೂ ಹಾಗೇ. ಜೀಪಿನವನು ನಗುತ್ತಾ, "ಏನ್ ಸಾ, ನಮ್ ಹುಡ್ಗ ಕಾವಲು ಕಾಯ್ತಾವ್ನೆ, ನಿಮ್ ಲಾಡ್ಜಿಗೆ ಕಳ್ರು ಬರಲ್ಲ ಬುಡಿ" ಅಂದ. ಹಿರಿಯ ಮೆಕ್ಯಾನಿಕ್ಕು, "ಮಲ್ಗಕ್ಕೆ ಮಂಚ ಐತೆ, ಫ್ಯಾನೈತೆ, ಇನ್ನೇನು ಜೋಗುಳ ಹಾಡ್ಬೇಕಾ ಇವ್ನ್ಗೆ?" ಅಂದ. ಅವನು ನನ್ನ ತಮ್ಮ ಎಂದು ಅವರಿಬ್ಬರಿಗೂ ಗೊತ್ತಿರಲಿಲ್ಲ. ಮೊದಲ ದಿನವೇ, ಕೆಲಸದ ಜಾಗದಲ್ಲಿ ಸಂಬಂಧ ಹೇಳಬೇಡ ಎಂದು ಅವನಿಗೆ ತಾಕೀತು ಮಾಡಿದ್ದೆ. ಅವನು ಹೇಳಿರಲಿಲ್ಲ. ಗೌಡರು ಬರುವಷ್ಟರಲ್ಲಿ ಜೀಪು ಹೊರಟಿರುತ್ತದೆ ಎಂದು ನಾನು ನೆಮ್ಮದಿಯಾಗಿದ್ದೆ. ಆ ನೆಮ್ಮದಿ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಾಲ್ಕನೇ ದಿನ ಹನ್ನೊಂದು ಗಂಟೆಗೆ ಗೌಡರು ಬಂದವರು, ಟೀ ಬರುವ ಮುಂಚೆಯೇ ಫೋನು ನನ್ನ ಮುಂದೆ ಹಿಡಿದರು.

"ನೋಡಪ್ಪ ಇಲ್ಲಿ, ನಮ್ಮೋರ್ ಡೈರೀಲಿ ಬೆಳಿಗ್ಗೆ. ಯಾವನೋ ಮಿಷನ್ ರಿಪೇರಿಯೋನಂತೆ. ಬೆಳ್ಬೆಳಿಗ್ಗೆನೇ ಏರ್ಸ್ಕಂಡು ಬಂದವ್ನೆ."

ವಿಡಿಯೋದಲ್ಲಿ ಡೈರಿಯ ಒಳಗೆ ಹಾಲಿನ ಕ್ಯಾನುಗಳ ಸಂದಿಯಲ್ಲಿ ಒಬ್ಬ ಕುಕ್ಕರುಗಾಲಿನಲ್ಲಿ ಕೂತಿದ್ದ. ಎರಡೂ ಕೈ ಕಿವಿಯ ಮೇಲೆ, ತಲೆ ಮೊಣಕಾಲಿನ ನಡುವೆ. ಮಿಷನ್ನು ಒಂದು ಸಲ ಒಂದು, ಇನ್ನೊಂದು ಸಲ ಇನ್ನೊಂದು ತೋರಿಸುತ್ತದೆ ಎಂದು ಜನ ಸುತ್ತ ನಿಂತು ಕೂಗುತ್ತಿದ್ದರು. "ನಮ್ ಹಾಲೇನು ನೀರಾ?" ಎಂದು ಒಬ್ಬಳು ಹಾಲು ತಂದಿದ್ದ ಉಗ್ಗ ಬಡಿಯುತ್ತಿದ್ದಳು. ಹೊರಗೆ ಟ್ರಾಕ್ಟರಿನ ಹಾಡು. ಯಾರೋ "ಇಳೀಲಿ ಕಣ್ಲಾ ಇವ್ನ್ಗೆ" ಎಂದು ಒಂದು ಚೊಂಬು ನೀರನ್ನು ಅವನ ತಲೆಯ ಮೇಲೆ ಸುರಿದರು. ಅವನು ಕಿರುಚಿ ಎದ್ದು ನೂಕಿದ. ಕ್ಯಾನೊಂದು ಉರುಳಿ ಹಾಲೆಲ್ಲ ನೆಲದ ಪಾಲಾಯಿತು. ಜನ ನಗುತ್ತಿದ್ದರು. ಕೈ ಅಡ್ಡ ಇದ್ದುದರಿಂದ ಮುಖ ಕಾಣುತ್ತಿರಲಿಲ್ಲ. ಅಂಗಿ ಮಾತ್ರ ಕಂಡಿತು. ದೀಪಾವಳಿಗೆ ನಾನು ಕೊಡಿಸಿದ್ದ ಅಂಗಿ.

ಮೂರು ರಾತ್ರಿ ಕಣ್ಣು ಮುಚ್ಚದ ಯಾವ ಗಂಡಸು ಬೇಕಾದರೂ ಬರಲಿ, ಆ ಗಲಾಟೆಯ ನಡುವೆ ನಿಂತು ಮಿಷನ್ನು ಸರಿಮಾಡಿ ತೋರಿಸಲಿ. ಕುಡಿದಿದ್ದಾನೆ ಅನ್ನಲು ಎಲ್ಲರಿಗೂ ಬಾಯಿ ಇತ್ತು. ಯಾಕಪ್ಪಾ, ಏನಾಯಿತು ಎಂದು ಕೇಳಲು ಆ ಡೈರಿಯಲ್ಲಿ ಒಬ್ಬರಿಗೂ ಬಾಯಿ ಬರಲಿಲ್ಲ. ಆದರೆ ಅವರ ಮೇಲೆ ನಾನು ಎಷ್ಟು ಕೂಗಾಡಿದರೂ, ಅವರಿಗೆ ಗೊತ್ತಿರಲಿಲ್ಲ ಅನ್ನುವುದೊಂದು ಉಳಿಯುತ್ತದೆ. ನನಗೆ ಗೊತ್ತಿತ್ತು.

"ಯಾರಿದ್ದಾತು?" ಎಂದು ಗೌಡರು ಕೇಳಿದರು. "ಯಾರೋ," ಅಂದೆ.

ಮಧ್ಯಾಹ್ನ ಜೀಪಿನವನೊಬ್ಬನೇ ಬಂದು ಬ್ಯಾಗುಗಳನ್ನು ತೆಗೆದುಕೊಂಡು ಹೋದ. ಹಾಲಿನ ಸಂಘದವರು ಕಂಪನಿಗೆ ದೂರು ಕೊಟ್ಟಿದ್ದರು. ಕೆಲಸದ ಜಾಗದಲ್ಲಿ ಕುಡಿದು ಗಲಾಟೆ ಮಾಡಿದ ಎಂದು ಹಿರಿಯ ಮೆಕ್ಯಾನಿಕ್ಕೂ ಬರೆದುಕೊಟ್ಟಿದ್ದ. ತಮ್ಮನನ್ನು ಅಲ್ಲಿಂದಲೇ ಊರಿಗೆ ಕಳಿಸಿದ್ದರು. ಸೋಮವಾರ ಮೈಸೂರಿನಲ್ಲಿ ದೊಡ್ಡವರು ಕೂತು ಅವನನ್ನು ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನಿಸುತ್ತಾರೆ ಎಂಬುದು ಸುದ್ದಿ. ಮಿಷನ್ನು ಬಿಟ್ಟರೆ ಅವನಿಗೆ ಇನ್ನೊಂದು ಲೋಕ ಇಲ್ಲ. ಸಂಜೆ ಅವ್ವ ಫೋನು ಮಾಡಿ, ಬಂದವನು ಊಟವನ್ನೂ ಮಾಡದೆ ಸ್ಕ್ರೂಡ್ರೈವರುಗಳನ್ನು ಒರೆಸಿ ಒರೆಸಿ ಇಡುತ್ತಾ ಕೂತಿದ್ದಾನೆ, ಏನಾಯಿತಪ್ಪಾ ಎಂದು ಕೇಳಿದಳು. ಗೊತ್ತಿಲ್ಲವ್ವ ಅಂದೆ.

ಶನಿವಾರ ಆ ಮೇಡಂ ತಾವೇ ಬಂದರು. ಹನ್ನೊಂದೂವರೆ ಇರಬಹುದು. ಗೌಡರು ಕುರ್ಚಿಯಲ್ಲೇ ಇದ್ದರು.

"ನಮ್ಮವರು ಇದ್ದ ರೂಮು ನೋಡಬೇಕು," ಅಂದರು. ತೋರಿಸಿದೆ. ಟ್ಯೂಬ್‌ಲೈಟು ಹಾಕಿಸಿ, ಅದರ ಕೆಳಗೆ ಐದು ನಿಮಿಷ ಸುಮ್ಮನೆ ನಿಂತರು. ಕೆಳಗೆ ಒಂದು ಬಸ್ಸು ಹಾರ್ನ್ ಹೊಡೆದಾಗ ಅವರೇ ಬೆಚ್ಚಿದರು. ಆಮೇಲೆ ನಾನು ಕರೆಯದಿದ್ದರೂ ಹಿಂದಿನ ಸಾಲಿನ ಕಡೆ ನಡೆದರು. ಹದಿನಾಲ್ಕರ ಮುಂದೆ ನಿಂತು ಬೀಗ ತೆಗೆಯಿರಿ ಅಂದರು. ಒಳಗೆ ಬೇವಿನ ಎಲೆಯ ಸದ್ದು ಬಿಟ್ಟರೆ ಇನ್ನೇನಿಲ್ಲ.

"ಇದರಲ್ಲಿ ಆ ವಾರ ಯಾರಿದ್ರು?"

ನಾನು ಬೀಗ ಹಾಕಿದೆ. ಅವರೇ ಕೌಂಟರಿಗೆ ವಾಪಸ್ಸು ಬಂದು ರಿಜಿಸ್ಟರು ತಿರುಗಿಸಿ ನೋಡಿದರು. ಹದಿನಾಲ್ಕರ ಸಾಲಿನಲ್ಲಿ ನಾಲ್ಕು ದಿನವೂ ನನ್ನದೇ ಕೈಬರಹದಲ್ಲಿ ಗೆರೆ ಎಳೆದಿತ್ತು.

"ಖಾಲಿ ಇತ್ತು. ನಾನು ಫೋನು ಮಾಡಿ ಕೇಳಿದ್ದೆ. 'ಅಂಥೋರಿಗೆ ಆಗಲ್ಲ' ಅಂದವರು ಯಾರು?"

ಗೌಡರು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. ಅಂದು ಆ ಮಾತು ಕೇಳಿ ನಕ್ಕಿದ್ದವರು ಅವರು. ಇನ್ನೊಬ್ಬರ ಹೆಸರು ಹೇಳಿ ಜಾರಿಕೊಳ್ಳೋಣ ಎಂದು ನನಗೆ ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೆಲಸ ಬಿಟ್ಟು ಹೋದ ರೂಂ ಬಾಯ್ ಒಬ್ಬ ಇದ್ದ, ಅವನ ಮೇಲೆ ಹಾಕಬಹುದಿತ್ತು. ಆದರೆ ಸೋಮವಾರಕ್ಕೆ ಮಧ್ಯೆ ಇದ್ದುದು ಒಂದೇ ಭಾನುವಾರ.

"ನಾನೇ ಮೇಡಂ," ಅಂದೆ. "ಅವನು ನನ್ನ ತಮ್ಮ. ಆ ವಿಡಿಯೋದಲ್ಲಿರೋನು. ಅವನು ಕುಡಿಯಲ್ಲ, ಒಂದು ತೊಟ್ಟೂ ಮುಟ್ಟಿದೋನಲ್ಲ. ಮೂರು ದಿನ ನಿದ್ದೆ ಇರ್ಲಿಲ್ಲ. ನಿದ್ದೆ ಕೆಡಿಸಿದೋನು ನಾನು."

ಮೇಡಂ ಸಮಾಧಾನದ ಮಾತೇನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. "ಸ್ವಂತ ತಮ್ಮನ ಬಗ್ಗೆ ಫೋನಲ್ಲಿ ಹಾಗೆ ಮಾತಾಡಿದಿರಾ?" ಅಂದರು. ಆಮೇಲೆ, "ನಂದೂ ತಪ್ಪಿದೆ. ಆಗಲ್ಲ ಅಂದ ಕೂಡ್ಲೆ ನಾನು ಒಪ್ಪಿಕೊಂಡು ಸುಮ್ಮನಾಗಬಾರದಾಗಿತ್ತು. ಈಗ ನೀವು ಹೇಳಿದ್ದನ್ನ ಬರೆದುಕೊಡಿ," ಎಂದು ಒಂದು ಹಾಳೆ ಮುಂದಿಟ್ಟರು.

ಏಳನೇ ಕ್ಲಾಸಿನ ಕನ್ನಡದಲ್ಲಿ ಬರೆದೆ. ರೂಮು ಖಾಲಿ ಇತ್ತು, ನಾನು ಬೇಕೆಂದೇ ಕೊಡಲಿಲ್ಲ, ನನ್ನ ತಮ್ಮನಿಗೆ ಆಟಿಸಂ ಇದೆ, ಅದನ್ನು ನಾನು ಮುಚ್ಚಿಟ್ಟೆ. ಬರೆದು ಸಹಿ ಹಾಕುವಾಗ ಗೌಡರು ಎದ್ದು ನಿಂತು ಹಾಳೆ ಓದುತ್ತಿದ್ದರು.

"ಅಲ್ಲಯ್ಯ," ಅಂದರು, ಮೇಡಂ ಮೆಟ್ಟಿಲು ಇಳಿದ ಮೇಲೆ. "ನಮ್ ಹುಡ್ಗೀನ ಕೇಳೋಕೆ ಬಂದಾಗ ಇದ್ನ ಏಳಿದ್ಯಾ ನೀನು?"

"ಏಳಿದ್ರೆ ಕೊಡ್ತಿದ್ರಾ ಗೌಡ್ರೇ?"

"ಕೊಡ್ತಿದ್ವೋ ಬುಡ್ತಿದ್ವೋ, ಅದು ನಮ್ ಹುಡ್ಗಿ ಏಳ್ಬೇಕಾದ್ ಮಾತು. ಅವ್ಳ ಬದ್ಲು ನೀನೇ ಏಳಿ ಮುಗ್ಸ್‌ಬುಟ್ಟಲ್ಲ. ಒಡಹುಟ್ಟಿದೋನ್ಗೇ ಒಂದು ರೂಮು ಕೊಡ್ದೋನು, ನಾಳೆ ನಮ್ ಮಗೀಗೆ ಏನ್ ಕೊಟ್ಟಾನು ನಿಮ್ಮನೇಲಿ?"

ಸಂಬಂಧ ಅಲ್ಲಿಗೆ ಮುಗಿಯಿತು. ಅವರ ಕುರ್ಚಿ ಈಗ ಹನ್ನೊಂದಕ್ಕೆ ಖಾಲಿ ಇರುತ್ತದೆ. ಅವರ ಮೇಲೂ ನನಗೆ ಕೋಪ ಬಂತು. ಅಂದು ನಕ್ಕವರು, ವಿಡಿಯೋವನ್ನು ಊರಿಗೆಲ್ಲ ತೋರಿಸಿದವರು ಇಂದು ನನಗೆ ನ್ಯಾಯ ಹೇಳುತ್ತಿದ್ದಾರಲ್ಲ ಎಂದು. ಆದರೆ ಹೇಳಿದ ಮಾತು ಸರಿಯಾಗಿತ್ತು.

ಸೋಮವಾರ ತಮ್ಮನ ಕೆಲಸ ಉಳಿಯಿತು. ಮೇಡಂ ನನ್ನ ಹಾಳೆಯನ್ನೂ ಡಾಕ್ಟರ ಕಾಗದವನ್ನೂ ಒಟ್ಟಿಗೆ ಇಟ್ಟು ವಾದ ಮಾಡಿದರಂತೆ. ಈಗ ಆ ಕಂಪನಿಯಲ್ಲಿ ಊರೂರಿಗೆ ಕಳಿಸುವ ಮುಂಚೆ ಪ್ರತಿಯೊಬ್ಬನನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು, ತಂಗುವ ಜಾಗದಲ್ಲಿ ನಿನಗೆ ಏನು ಬೇಕು ಎಂದು ಕೇಳುತ್ತಾರೆ. ಆ ಹಿರಿಯ ಮೆಕ್ಯಾನಿಕ್ಕು, ತನಗೂ ಒಬ್ಬನೇ ಮಲಗುವ ರೂಮು ಬೇಕು, ಜೀಪಿನವನ ಗೊರಕೆಯಲ್ಲಿ ಆರು ವರ್ಷದಿಂದ ನಿದ್ದೆ ಮಾಡಿಲ್ಲ ಅಂದನಂತೆ. ಇಷ್ಟು ವರ್ಷ ಇವನೂ ಅಡ್ಜಸ್ಟ್ ಮಾಡಿಕೊಂಡೇ ಬಂದವನು. ಆ ಸಿಟ್ಟನ್ನೆಲ್ಲ ನನ್ನ ತಮ್ಮನ ಮೇಲೆ ಕಕ್ಕಿದ್ದ.

ಹದಿನಾಲ್ಕನೇ ರೂಮಿಗೆ ನಾನೇ ಸ್ಟೂಲು ಹಾಕಿ ಹಳದಿ ಬಲ್ಬು ಸಿಕ್ಕಿಸಿದೆ. ಕಿಟಕಿಗೆ ದಪ್ಪ ಪರದೆ ಹಾಕಿದೆ. ಬಾಗಿಲು ಬಡಿಯದಂತೆ ಚೌಕಟ್ಟಿಗೆ ಸೈಕಲ್ ಟ್ಯೂಬಿನ ರಬ್ಬರು ಅಂಟಿಸಿದೆ. ಒಂದು ಮಧ್ಯಾಹ್ನ ಕೂಡ ಹಿಡಿಯಲಿಲ್ಲ. ಮಾಲೀಕರು ಬಂದಾಗ, ಇದೇನು ಹೊಸ ಪೀಕಲಾಟ, ಹೀಗೆ ಒಬ್ಬೊಬ್ಬನಿಗೂ ಮಾಡುತ್ತಾ ಹೋದರೆ ಲಾಡ್ಜು ನಡೆಸುವುದು ಹೇಗೆ ಅಂದರು. "ಬ್ಯಾಂಕಿನ ಸಾಹೇಬ್ರಿಗೆ ಹುಂಜಾನೇ ಊರು ಬುಡ್ಸಿದ್ವಲ್ಲ ಸಾ," ಅಂದೆ. ಅವರು ಆ ಮಾತು ಅಲ್ಲಿಗೇ ಬಿಟ್ಟರು.

ರೂಮಿನ ಫೋಟೋ ತೆಗೆದು ಮೇಡಂಗೆ ಕಳಿಸಿದೆ. ನನ್ನ ತಮ್ಮ ಅದನ್ನು ನೋಡಿ, ರೂಮು ಚೆನ್ನಾಗಿದೆ, ಆದರೆ ನಾನು ಆ ಲಾಡ್ಜಿಗೆ ಹೋಗಲ್ಲ ಅಂದನಂತೆ. ನಮ್ಮ ಪೇಟೆಯ ಸರದಿ ಬಂದಾಗ ನಾಗಮಂಗಲದಲ್ಲೇ ತಂಗಿ, ಅಲ್ಲಿಂದ ನಾಲ್ಕು ಗಂಟೆಗೇ ಎದ್ದು ಬರುತ್ತಿದ್ದ.

ನಮ್ಮ ಕಡೆ ಅಣ್ಣತಮ್ಮಂದಿರು ಮುನಿಸಿಕೊಂಡರೆ ಬಾಯಿಬಿಟ್ಟು ತಪ್ಪಾಯಿತು ಅನ್ನುವ ಪದ್ಧತಿ ಇಲ್ಲ. ಒಂದು ಕೇಜಿ ಮಾಂಸ ತೆಗೆದುಕೊಂಡು ಹೋಗಿ ಮನೆಯಲ್ಲಿ ಕೊಟ್ಟು, ಪಕ್ಕದಲ್ಲಿ ಕೂತು ಉಂಡರೆ ಎಲ್ಲ ಮುಗಿದ ಹಾಗೆ. ನನ್ನಪ್ಪ, ಚಿಕ್ಕಪ್ಪ ಹಾಗೇ ಮಾಡಿದ್ದು. ನಾನೂ ಒಂದು ಭಾನುವಾರ ಮಾಂಸ ಹಿಡಿದು ಊರಿಗೆ ಹೋದೆ. ಅವ್ವ ಸಾರು ಮಾಡಿದಳು. ತಮ್ಮ ಮುದ್ದೆಯ ತಟ್ಟೆ ಬೇರೆ, ಸಾರಿನ ಬಟ್ಟಲು ಬೇರೆ ಇಟ್ಟುಕೊಂಡು ಶಿಸ್ತಾಗಿ ಉಂಡ. ಕೈ ತೊಳೆದು ಜಗಲಿಗೆ ಹೋಗಿ, ಬಿಚ್ಚಿಟ್ಟಿದ್ದ ಒಂದು ಮಿಷನ್ನಿನ ಮುಂದೆ ಕೂತ. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಯಾಕ್ ಬಂದಿದ್ದೀಯಣ್ಣ?"

"ಸುಮ್ನೆ ಕಣ್ಲಾ. ನೋಡ್ಕಂಡು ವೋಗಾನಾ ಅಂತ."

"ಸರಿ," ಎಂದು ಅವನು ಕೆಲಸಕ್ಕೆ ತೊಡಗಿದ.

ನಾನು ಬಾಗಿಲ ಕಡೆ ನೋಡಿದೆ. ಅವ್ವ ಅಲ್ಲೇ ಹೊಸ್ತಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಅಷ್ಟು ಹೊತ್ತಿಗೆ ಅವಳಿಗೆ ಎಲ್ಲವೂ ತಿಳಿದಿತ್ತು. "ಅವ್ನ್ಗೆ ಸನ್ನೆ ಸೂಕ್ಷ್ಮ ತಿಳಿಯಾಕಿಲ್ಲ ಕಣ್ಲಾ," ಅಂದಳು. "ನೀನು ತಂದಿರೋದು ಬಾಡು ಅಂತ ತಿಂದವ್ನೆ ಅಷ್ಟೆಯ. ಬಾಯ್ ಬುಟ್ಟು ಏಳಿದ್ರೆ ಏಳು, ಇಲ್ದಿದ್ರೆ ಬಸ್ಸಿಗೆ ವೊತ್ತಾಯ್ತದೆ."

ಜೀವಮಾನದಲ್ಲಿ ಆಡದ ಮಾತು. ಹೆಗಲ ಮೇಲೆ ಕೈ ಹಾಕೋಣವೆಂದರೆ, ಮುಟ್ಟಿದರೆ ಅವನಿಗೆ ಆಗುವುದಿಲ್ಲ. ಅವನೇ ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಿ ಕೇಳಿದ.

"ಅಣ್ಣ, ಆ ರೂಮು ನಾಕು ದಿನಾನೂವೆ ಖಾಲಿ ಇತ್ತಾ?"

"ಇತ್ತು."

"ನೀನು ಇಲ್ಲ ಅಂದೆ."

"ಅಂದೆ."

"ಯಾಕೆ?"

"ನಿನ್ನಿಂದ ನನ್ ಮಾನ ವೋಯ್ತದೆ ಅಂದ್ಕಂಡೆ ಕಣ್ಲಾ. ಅದು ನನ್ನದೇ ತಪ್ಪು. ರೂಮಿಟ್ಕಂಡು ನಿಂಗೆ ಇಲ್ಲ ಅಂದೆ, ನಿದ್ದೆ ಇಲ್ದೆ ಕೂತಿದ್ದುನ್ನ ದಿನಾ ನೋಡುದ್ರೂ ಸುಮ್ಕಿದ್ದೆ, ಕುಡ್ದವ್ನೆ ಅಂದಾಗ್ಲೂ ನನ್ ತಮ್ಮ ಅನ್ಲಿಲ್ಲ. ನೀನೇನೂ ತಪ್ಪು ಮಾಡಿಲ್ಲ. ತಪ್ಪು ನಂದು. ನನ್ನ ಕ್ಷಮಿಸ್ಬುಡು ಕಣಪ್ಪ."